ಅಜ್ಜನಿಗೆ 38, ಆ್ಯಪ್ ಹೇಳಿದ್ದು 53

ಮುಖದ ಚಿತ್ರ ನೋಡಿ ವಯಸ್ಸನ್ನು ಅಂದಾಜು ಮಾಡುವ, ಜೊತೆಗೆ ಹಳೆಯ ಫೋಟೊಗಳನ್ನು ದುರಸ್ತಿ ಮಾಡಿ ಬಣ್ಣ ತುಂಬಿಕೊಡುವ ಒಂದು ಮೊಬೈಲ್ ಆ್ಯಪನ್ನು ನಾನು ಕಳೆದ ಮೂರು ತಿಂಗಳಿಂದ ಚಂದಾ ಕಟ್ಟಿ ಬಳಸುತ್ತಿದ್ದೇನೆ. ಮುಂದೆ ದೂರುವ ಮಾತುಗಳೂ ಬರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಬಗೆಯ ಸೇವೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ನಡೆಯುವುದರಿಂದ ಹೆಸರು ತಿಳಿಯದಿದ್ದರೂ ಓದುಗರಿಗೆ ನಷ್ಟವೇನೂ ಇಲ್ಲ. ನಾನು ಚಂದಾದಾರನಾದದ್ದು ನನ್ನ ವಯಸ್ಸು ತಿಳಿಯಲೆಂದಲ್ಲ. ಹಿಂದಿನ ತಲೆಮಾರಿನವರು ತಮ್ಮ ವಯಸ್ಸಿಗಿಂತ ಹೆಚ್ಚು ಮುದುಕರಾಗಿ ಕಾಣುತ್ತಿದ್ದರು ಎಂಬ ಮಾತು ನಿಜವೇ, ನಿಜವಾದರೆ ಎಷ್ಟು ನಿಜ ಎಂಬುದನ್ನು ಮನೆಯ ಹಳೆಯ ಆಲ್ಬಮ್ಮುಗಳನ್ನೇ ಮುಂದಿಟ್ಟುಕೊಂಡು ನೋಡಬೇಕೆಂಬ ಹಟ ನನ್ನದಾಗಿತ್ತು.

ಹಟಕ್ಕೆ ಕಾರಣವಾದದ್ದು ಅಜ್ಜನ ಒಂದು ಸ್ಟುಡಿಯೊ ಚಿತ್ರ. ಹಿಂಬದಿಯಲ್ಲಿ 1942 ಎಂದು ಶಾಯಿಯಲ್ಲಿ ಬರೆದಿದೆ. ಅವರು ಹುಟ್ಟಿದ್ದು 1904ರಲ್ಲಿ, ಅಂದರೆ ಕ್ಯಾಮೆರಾದ ಮುಂದೆ ಕುಳಿತಾಗ ಅವರಿಗೆ 38 ವರ್ಷ. ನನಗೀಗ 52. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ಆ ಮನುಷ್ಯನನ್ನು ನೋಡಿದಾಗ ನನಗೆ ಇಂದಿಗೂ ಎದ್ದು ನಿಂತು ಕುರ್ಚಿ ಬಿಟ್ಟುಕೊಡಬೇಕು ಎನ್ನಿಸುತ್ತದೆ. ಗುಳಿಬಿದ್ದ ಕೆನ್ನೆ, ಹಣೆಯ ಮೇಲೆ ಗೆರೆ ಎಳೆದಂತಹ ಮೂರು ಸುಕ್ಕು, ತುಟಿಯನ್ನು ಮುಚ್ಚಿದ ಮೀಸೆ, ದುಂಡು ಕನ್ನಡಕ. ಆ್ಯಪ್ ಅವರಿಗೆ ಕೊಟ್ಟ ವಯಸ್ಸು 53. ನಮ್ಮ ಭಾಷೆಯಲ್ಲಿ ತಂದೆಯ ತಂದೆಗೂ ಮುದುಕನಿಗೂ ‘ಅಜ್ಜ’ ಎಂಬ ಒಂದೇ ಪದ ಇರುವುದರಿಂದ, ಆ ಚಿತ್ರವನ್ನು ನಾನು ನೋಡುವ ಮೊದಲೇ ಪದವು ಅದಕ್ಕೆ ಹತ್ತಿಪ್ಪತ್ತು ವರ್ಷ ಸೇರಿಸಿಬಿಟ್ಟಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಯಂತ್ರಕ್ಕೆ ಆತ ನನ್ನ ಅಜ್ಜನೆಂದು ಗೊತ್ತಿರಲಿಲ್ಲವಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚಿಬಿಡುತ್ತೇನೆ. ಹಳೆಯ ಫೋಟೊವನ್ನು ಫೋನಿನಲ್ಲೇ ಸ್ಕ್ಯಾನ್ ಮಾಡುವ ಭಾಗ ಈ ಆ್ಯಪಿನಲ್ಲಿ ನಿಜವಾಗಿಯೂ ಚೆನ್ನಾಗಿದೆ. ಚಿತ್ರದ ಅಂಚುಗಳನ್ನು ತಾನೇ ಗುರುತಿಸುತ್ತದೆ, ಓರೆಯಾಗಿದ್ದರೆ ನೇರ ಮಾಡುತ್ತದೆ, ಹೊಳಪು ಕಾಗದದ ಮೇಲೆ ದೀಪದ ಬೆಳಕು ಪ್ರತಿಫಲಿಸಿದರೆ ಇನ್ನೊಂದು ಕೋನದಿಂದ ತೆಗೆಯಲು ಹೇಳಿ ಎರಡನ್ನೂ ಬೆಸೆಯುತ್ತದೆ. ಒಂದು ಗುಂಪು ಚಿತ್ರದಲ್ಲಿ ಹದಿನೆಂಟು ಮುಖಗಳಿದ್ದರೆ ಹದಿನೆಂಟನ್ನೂ ಬೇರೆ ಬೇರೆ ಹಿಡಿದು ಪ್ರತಿಯೊಂದರ ಪಕ್ಕದಲ್ಲೂ ಒಂದು ಅಂಕಿ ಇಡುತ್ತದೆ. ಇಂದಿನ ಚಿತ್ರಗಳ ಮಟ್ಟಿಗೆ ಆ ಅಂಕಿಯೂ ನಂಬಲರ್ಹವೇ. ಮನೆಯವರನ್ನೂ ಗೆಳೆಯರನ್ನೂ ಕೇಳಿ, ಒಪ್ಪಿದವರ ಈಚಿನ ಚಿತ್ರಗಳನ್ನು ಕೊಟ್ಟು ನೋಡಿದೆ. ಇಪ್ಪತ್ತರಿಂದ ಅರುವತ್ತರ ನಡುವಿನವರಿಗೆ ಬಹುತೇಕ ಮೂರು ನಾಲ್ಕು ವರ್ಷದ ಆಚೀಚೆಯಲ್ಲಿ ಉತ್ತರ ಬಂತು. ಎಪ್ಪತ್ತು ದಾಟಿದವರನ್ನು ಮಾತ್ರ ಅದು ಸ್ವಲ್ಪ ಕಿರಿಯರನ್ನಾಗಿ ಮಾಡಿತು. ಅವರಲ್ಲಿ ಯಾರೂ ತಕರಾರು ಮಾಡಲಿಲ್ಲ.

ಆದರೆ ಇದೇ ನಿಖರತೆಯನ್ನು ನಂಬಿ ಹಳೆಯ ಆಲ್ಬಮ್ಮಿಗೆ ಕೈಹಾಕಿದರೆ ದಾರಿ ತಪ್ಪುತ್ತದೆ. ದಿನಾಂಕವೂ ಹುಟ್ಟಿದ ವರ್ಷವೂ ಖಚಿತವಾಗಿ ಗೊತ್ತಿದ್ದ ಚಿತ್ರಗಳನ್ನಷ್ಟೇ ಆರಿಸಿ ಪರೀಕ್ಷಿಸಿದಾಗ ಒಂದು ವಿಚಿತ್ರ ಕ್ರಮ ಕಾಣಿಸಿತು. ಐವತ್ತರ ದಶಕದವರೆಗಿನ ಕಪ್ಪು ಬಿಳುಪು ಚಿತ್ರಗಳಲ್ಲಿ ಬಹುಪಾಲು ಎಲ್ಲರೂ ಹತ್ತು ವರ್ಷ, ಕೆಲವರು ಅದಕ್ಕಿಂತ ಹೆಚ್ಚು ಮುದುಕರಾದರು. ಎಪ್ಪತ್ತರ ದಶಕದ ಬಣ್ಣದ ಚಿತ್ರಗಳಲ್ಲಿ ಈ ಅಂತರ ಎರಡು ಮೂರು ವರ್ಷಕ್ಕಿಳಿಯಿತು. ನನ್ನ ಸೋದರತ್ತೆ 1951ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ ತೆಗೆಸಿಕೊಂಡ ಚಿತ್ರಕ್ಕೆ ಆ್ಯಪ್ 31 ಎಂದಿತು, 1978ರ ಬಣ್ಣದ ಚಿತ್ರದಲ್ಲಿ ಆಕೆಗೆ 47 ಆಗಿದ್ದಾಗ 49 ಎಂದಿತು. ಈ ಲೆಕ್ಕದಂತೆ ಇಪ್ಪತ್ತೇಳು ವರ್ಷದ ಬದುಕಿನಲ್ಲಿ ಆಕೆಗೆ ವಯಸ್ಸಾದದ್ದು ಹದಿನೆಂಟೇ ವರ್ಷ! ಆಕೆಯ ಚರ್ಮ ಬೇಗ ಮುಪ್ಪಾಗಿದ್ದುದೇ ಕಾರಣವಾಗಿದ್ದರೆ ನಂತರದ ಚಿತ್ರದಲ್ಲಿ ಅಂತರ ಇನ್ನಷ್ಟು ಹಿಗ್ಗಬೇಕಿತ್ತೇ ಹೊರತು ಹೀಗೆ ಕುಗ್ಗಬಾರದಿತ್ತು. ಆದ್ದರಿಂದ ಹೆಚ್ಚುವರಿ ವಯಸ್ಸಿನ ಒಂದು ದೊಡ್ಡ ಪಾಲು ಅತ್ತೆಯ ಮುಖದಲ್ಲಲ್ಲ, ಆ ಮುಖವನ್ನು ಹಿಡಿದ ಫಿಲ್ಮಿನಲ್ಲಿ ಇದ್ದಿರಬೇಕು ಎಂಬ ಅನುಮಾನ ನನಗೆ ಮೂಡಿದ್ದು ಇಲ್ಲಿ.

ಛಾಯಾಗ್ರಹಣ 1839ರಲ್ಲಿ ಲೋಕಕ್ಕೆ ಬಂದಾಗಿನಿಂದ ಹಲವು ದಶಕಗಳ ಕಾಲ ಬೆಳ್ಳಿಯ ಲವಣಗಳನ್ನು ಬಳಿದ ತಗಡು ಮತ್ತು ಗಾಜುಗಳು ಮುಖ್ಯವಾಗಿ ನೀಲಿ, ನೇರಳೆ ಮತ್ತು ಕಣ್ಣಿಗೆ ಕಾಣದ ನೇರಳಾತೀತ ಬೆಳಕಿಗಷ್ಟೇ ಸ್ಪಂದಿಸುತ್ತಿದ್ದವು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಎಂಬ ರಸಾಯನ ವಿಜ್ಞಾನಿ ಬಣ್ಣದ ದ್ರವ್ಯಗಳನ್ನು ಬೆರೆಸಿದರೆ ಆ ಲೇಪ ಹಸಿರು ಬೆಳಕನ್ನೂ ಹಿಡಿಯುತ್ತದೆಂದು ಕಂಡುಕೊಂಡರು. ಆರ್ಥೊಕ್ರೊಮ್ಯಾಟಿಕ್ ಎಂದು ಹೆಸರಾದ ಫಲಕಗಳು ಹುಟ್ಟಿದ್ದು ಹಾಗೆ. ಅವಕ್ಕೂ ಕೆಂಪು ಮಾತ್ರ ಕಾಣುತ್ತಿರಲಿಲ್ಲ. ಕೆಂಪನ್ನೂ ಸೇರಿಸಿ ಎಲ್ಲ ಬಣ್ಣಗಳನ್ನು ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು 1906ರಲ್ಲಿ ಮಾರುಕಟ್ಟೆಗೆ ಬಂದರೂ, ಕೆಂಪು ದೀಪದ ಮಂದ ಬೆಳಕಿನಲ್ಲಿ ಕಣ್ಣಾರೆ ನೋಡುತ್ತ ತೊಳೆಯಬಹುದೆಂಬ ಅನುಕೂಲದಿಂದಾಗಿ ಹಳೆಯ ಬಗೆಯ ಫಿಲ್ಮು ಸ್ಟುಡಿಯೊಗಳಲ್ಲಿ ಬಹುಕಾಲ ಉಳಿಯಿತು. ಗಂಡಸರ ಮುಖಕ್ಕೆ ಗಡಸುತನ ಬರಲೆಂದು ಬೇಕೆಂತಲೇ ಅದನ್ನು ಬಳಸುವವರೂ ಇದ್ದರು. ಅಜ್ಜನ ಚಿತ್ರದಲ್ಲಿ ಮೀಸೆಯ ಕೆಳಗೆ ಇಣುಕುವ ತುಟಿ ಹೆಚ್ಚುಕಡಿಮೆ ಕಪ್ಪಾಗಿಯೇ ಇದೆ. ಕೆಂಪು ಕಾಣದ ಫಿಲ್ಮಿನ ಸಹಿ ಅದು.

ಕೆಂಪು ಕಾಣದಿದ್ದರೆ ಮುಪ್ಪು ಯಾಕೆ ಹೆಚ್ಚಬೇಕು ಎಂದು ಕೇಳಬಹುದು. ಕೆಂಪು ಬೆಳಕು ಚರ್ಮದೊಳಕ್ಕೆ ಆಳವಾಗಿ ಇಳಿದು, ಒಳಗೇ ಚದುರಿ ಮರಳುವುದರಿಂದ ಅದರಲ್ಲಿ ಚರ್ಮ ನಯವಾಗಿ, ಏಕರೂಪವಾಗಿ ಕಾಣುತ್ತದೆ. ನೀಲಿ ಮತ್ತು ನೇರಳಾತೀತ ಬೆಳಕನ್ನಾದರೋ ಚರ್ಮದ ಬಣ್ಣದ ಕಣಗಳಾದ ಮೆಲನಿನ್ ಹಾಗೂ ಮೇಲ್ಪದರದ ಕೆಳಗಿನ ರಕ್ತ ಎರಡೂ ಬಲವಾಗಿ ಹೀರಿಕೊಳ್ಳುತ್ತವೆ. ಬಂಗು, ಬಿಸಿಲಿನ ಕಲೆ, ಗುಳ್ಳೆ ಒಣಗಿದ ಗುರುತು, ಕಣ್ಣಿನ ಕೆಳಗಿನ ಕಪ್ಪು, ಒಡೆದ ಸಣ್ಣ ರಕ್ತನಾಳ, ಹೀಗೆ ಬರಿಗಣ್ಣಿಗೆ ಹೌದೋ ಅಲ್ಲವೋ ಎಂಬಂತಿರುವ ಎಲ್ಲವೂ ಆ ಬೆಳಕಿನಲ್ಲಿ ಕಡುಗಪ್ಪಾಗಿ ಮೇಲೇಳುತ್ತವೆ. ಇಂದು ಚರ್ಮವೈದ್ಯರು ಬಿಸಿಲಿನ ಹಾನಿಯನ್ನು ರೋಗಿಗೆ ತೋರಿಸಲು ನೇರಳಾತೀತ ಕ್ಯಾಮೆರಾ ಬಳಸುವುದು ಈ ಗುಣಕ್ಕಾಗಿಯೇ. ನಮ್ಮ ಮುತ್ತಜ್ಜಂದಿರ ಮುಖಗಳನ್ನು ಅಂಥದೇ ಒಂದು ಕ್ಯಾಮೆರಾ, ಯಾರೂ ಕೇಳದೆಯೇ, ತಪಾಸಣೆ ಮಾಡಿ ಇಟ್ಟಿತ್ತು ಎನ್ನಬೇಕು.

ಇದನ್ನು ಪರೀಕ್ಷಿಸುವುದು ಸುಲಭವಿತ್ತು, ಆ್ಯಪಿನಿಂದ ನನಗೆ ದಕ್ಕಿದ ಅತ್ಯುತ್ತಮ ಪಾಠವೂ ಇದೇ. ಕಿಟಕಿಯ ಬೆಳಕಿನಲ್ಲಿ ನನ್ನ ಒಂದು ಚಿತ್ರ ತೆಗೆದೆ, ಆ್ಯಪ್ 51 ಎಂದಿತು. ಡಿಜಿಟಲ್ ಚಿತ್ರವೆಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳ ಜೋಡಣೆ ತಾನೆ? ಇನ್ನೊಂದು ಸಾಮಾನ್ಯ ತಂತ್ರಾಂಶದಲ್ಲಿ ಕೆಂಪು ಪದರವೊಂದನ್ನೇ ಕಪ್ಪು ಬಿಳುಪಾಗಿಸಿ ಕೊಟ್ಟಾಗ ವಯಸ್ಸು 46ಕ್ಕಿಳಿಯಿತು, ನೀಲಿ ಪದರವೊಂದನ್ನೇ ಕೊಟ್ಟಾಗ 60ಕ್ಕೇರಿತು. ಅದೇ ಮುಖ, ಅದೇ ಕ್ಷಣ, ಅದೇ ಬೆಳಕು, ನಡುವೆ ಹದಿನಾಲ್ಕು ವರ್ಷ. ನೀಲಿ ಪದರದ ಆ ಚಿತ್ರವನ್ನು ನನ್ನ ಹೆಂಡತಿಗೆ ತೋರಿಸಿದಾಗ, ನೀವು ನಿಮ್ಮ ಅಜ್ಜನ ಪಡಿಯಚ್ಚು ಎಂದಳು. ಅಷ್ಟು ವರ್ಷ ಸಂಸಾರ ಮಾಡಿದರೂ ಆಕೆ ಈ ಮಾತನ್ನು ಹಿಂದೆಂದೂ ಹೇಳಿರಲಿಲ್ಲ.

ಇದಕ್ಕೆ ತಿರುಗುಮುರುಗಾದ ಒಂದು ಸಂಗತಿಯೂ ಆಲ್ಬಮ್ಮಿನಲ್ಲೇ ಸಿಕ್ಕಿತು. ಅಜ್ಜಿ ಮೂವತ್ತನೆಯ ವಯಸ್ಸಿನಲ್ಲಿ ಅದೇ ಸ್ಟುಡಿಯೊದಲ್ಲಿ ತೆಗೆಸಿಕೊಂಡ ಚಿತ್ರಕ್ಕೆ ಆ್ಯಪ್ ಕೊಟ್ಟದ್ದು 27. ಭೂತಗನ್ನಡಿ ಹಿಡಿದು ನೋಡಿದರೆ ಕೆನ್ನೆಯ ಮೇಲೆ ಚರ್ಮದ ಯಾವ ಗುರುತೂ ಇಲ್ಲ, ಹಣೆಯ ಮೇಲೆ ತೀರ ಸಣ್ಣ ಗೀರುಗಳಿವೆ. ನೆಗೆಟಿವಿನ ಮೇಲೆ ಚೂಪಾದ ಪೆನ್ಸಿಲಿನಿಂದ ತಿದ್ದಿ ಸುಕ್ಕುಗಳನ್ನು ತುಂಬುವ ಕುಶಲಕರ್ಮಿಗಳು ಹತ್ತೊಂಬತ್ತನೆಯ ಶತಮಾನದಿಂದಲೇ ಸ್ಟುಡಿಯೊಗಳಲ್ಲಿದ್ದರು. ಹೆಂಗಸರ ಮುಖಕ್ಕೆ ಅವರ ಪೆನ್ಸಿಲು ಧಾರಾಳವಾಗಿ ಓಡುತ್ತಿತ್ತು. ಹಾಗಾಗಿ ಹಳೆಯ ಚಿತ್ರವೆಲ್ಲ ವಯಸ್ಸನ್ನು ಹೆಚ್ಚಿಸುತ್ತದೆ ಎಂಬ ನಿಯಮವನ್ನೂ ಕಟ್ಟಲಾಗದು. ಗಂಡ ಹೆಂಡಿರನ್ನು ಪಕ್ಕ ಪಕ್ಕ ಇಟ್ಟಾಗ ತಂದೆ ಮಗಳಂತೆ ಕಾಣುವ ಎಷ್ಟೋ ಹಳೆಯ ಜೋಡಿಚಿತ್ರಗಳ ಹಿಂದೆ ಈ ಪೆನ್ಸಿಲಿನ ಕೈವಾಡವೂ ಇರಬಹುದು.

ಯಂತ್ರಕ್ಕೆ ಇದು ಯಾಕೆ ತಿಳಿಯುವುದಿಲ್ಲ ಎಂಬುದು ಅದು ಕಲಿತ ಬಗೆಯಲ್ಲಿದೆ. ವಯಸ್ಸು ಹೇಳುವ ‘ಮಾದರಿ’ಗಳಿಗೆ, ಅಂದರೆ ಉದಾಹರಣೆಗಳಿಂದ ಕಲಿಯುವ ತಂತ್ರಾಂಶಗಳಿಗೆ, ಯಾರೂ ಸುಕ್ಕಿನ ವ್ಯಾಖ್ಯಾನ ಕಲಿಸುವುದಿಲ್ಲ. ಲಕ್ಷಗಟ್ಟಲೆ ಮುಖಗಳನ್ನೂ ಪ್ರತಿಯೊಂದರ ವಯಸ್ಸನ್ನೂ ಕೊಟ್ಟು, ಸಂಬಂಧವನ್ನು ನೀನೇ ಹುಡುಕಿಕೋ ಎಂದು ಬಿಡುತ್ತಾರೆ. ಸಂಶೋಧಕರು ಬಳಸುವ ಸಂಗ್ರಹಗಳಲ್ಲಿ ಐಎಂಡಿಬಿ-ವಿಕಿ ಎಂಬುದು ಐದು ಲಕ್ಷಕ್ಕೂ ಹೆಚ್ಚು ಚಿತ್ರಗಳದ್ದು, ಅವುಗಳಲ್ಲಿ ಬಹುಪಾಲು ನಟನಟಿಯರವು. ಕುಟುಂಬದ ಆಲ್ಬಮ್ಮುಗಳಿಂದ ಬಂದ ಎಫ್‌ಜಿ-ನೆಟ್ ಎಂಬ ಹಳೆಯ ಸಂಗ್ರಹದಲ್ಲಿ ಇರುವುದು 82 ಜನರ 1,002 ಚಿತ್ರಗಳು ಮಾತ್ರ. ಇಂಥ ರಾಶಿಯಲ್ಲಿ ಹಳೆಯ ಗಾಜಿನ ಫಲಕಗಳ ಪಾಲು ನಗಣ್ಯ. ಇನ್ನೊಂದು ತೊಡಕೂ ಇದೆ. ಕೆಲವು ಮಾದರಿಗಳನ್ನು ವ್ಯಕ್ತಿಯ ನಿಜವಾದ ವಯಸ್ಸಿನ ಮೇಲೆ ತರಬೇತು ಮಾಡಿದರೆ, ಇನ್ನು ಕೆಲವನ್ನು ಚಿತ್ರ ನೋಡಿದ ಜನ ಊಹಿಸಿದ ವಯಸ್ಸಿನ ಮೇಲೆ ಮಾಡುತ್ತಾರೆ. ಎರಡನೆಯ ಬಗೆಯದು ನಮ್ಮ ಕಣ್ಣಿನ ಪೂರ್ವಗ್ರಹಗಳನ್ನೇ ಅಂಕಿಯಾಗಿಸಿ ನಮಗೆ ಹಿಂತಿರುಗಿಸುತ್ತದೆ. ನಾನು ಬಳಸಿದ ಆ್ಯಪ್ ಯಾವ ಬಗೆಯದೆಂದು ಅದರ ಸಹಾಯ ಪುಟಗಳು ಹೇಳುವುದಿಲ್ಲ, ಮತ್ತು ಇದು ಸಣ್ಣ ಕೊರತೆಯಲ್ಲ. ಅಂಕಿಯ ಜೊತೆಗೆ ‘ಇಷ್ಟರಿಂದ ಇಷ್ಟರವರೆಗೆ ಇರಬಹುದು’ ಎಂಬ ವ್ಯಾಪ್ತಿಯನ್ನೂ ಅದು ತೋರಿಸುವುದಿಲ್ಲ. 53 ಎಂದರೆ 53, ತೀರ್ಪು ಕೊಟ್ಟ ಹಾಗೆ.

ನಮ್ಮ ಕಣ್ಣಿನ ಪೂರ್ವಗ್ರಹ ಎಂದೆನಲ್ಲ, ಅದರ ಅಳತೆಗೂ ಆ್ಯಪು ಸ್ವಲ್ಪ ನೆರವಾಯಿತು. ಅಜ್ಜನ ಚಿತ್ರದಲ್ಲಿ ಕೂದಲು, ಕಿವಿ, ಕೊರಳಪಟ್ಟಿ ಎಲ್ಲವನ್ನೂ ಕತ್ತರಿಸಿ ಹುಬ್ಬಿನಿಂದ ಗಲ್ಲದವರೆಗಿನ ಭಾಗವನ್ನಷ್ಟೇ ಕೊಟ್ಟಾಗ 53 ಹೋಗಿ 49 ಆಯಿತು. ಅದಕ್ಕೆ ಪ್ರತಿಯಾಗಿ ಅಜ್ಜನದೇ ದುಂಡು ಕನ್ನಡಕವನ್ನು ನಾನು ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಒತ್ತಿ ಬಾಚಿ, ಕೊರಳವರೆಗೆ ಗುಂಡಿ ಹಾಕಿದ ಕೋಟು ತೊಟ್ಟು ಕುಳಿತಾಗ ನನ್ನ 51 ಏರಿ 56 ಆಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಬಹಳಷ್ಟು ಜನ ಯೌವನದಲ್ಲಿ ರೂಢಿಸಿಕೊಂಡ ಕೇಶವಿನ್ಯಾಸವನ್ನೂ ಉಡುಪಿನ ರೀತಿಯನ್ನೂ ಮುಪ್ಪಿನವರೆಗೆ ಬಿಡುವುದಿಲ್ಲ. ಹೀಗಾಗಿ 1940ರಲ್ಲಿ ಇಪ್ಪತ್ತೈದರ ತರುಣರ ಠೀವಿಯಾಗಿದ್ದದ್ದು, ನಾವು ಕಣ್ಣು ಬಿಡುವ ಹೊತ್ತಿಗೆ ಅರುವತ್ತರ ಮುದುಕರ ಗುರುತಾಗಿತ್ತು. ಆಮೇಲೆ ನಾವು ಅವರ ತಾರುಣ್ಯದ ಚಿತ್ರ ನೋಡುತ್ತೇವೆ, ನಮಗೆ ಗೊತ್ತಿರುವ ಮುದುಕರ ತಲೆಬಾಚಣೆಯನ್ನು ಅಲ್ಲಿ ಕಾಣುತ್ತೇವೆ, ಮುಖಕ್ಕೂ ಅದೇ ವಯಸ್ಸನ್ನು ಅಂಟಿಸುತ್ತೇವೆ. ಆದರೆ ಕತ್ತರಿ ಹಾಕಿದ ಮೇಲೂ ಅಜ್ಜನಿಗೆ ಇಳಿದದ್ದು ನಾಲ್ಕು ವರ್ಷವಷ್ಟೇ ಎಂಬುದನ್ನು ಗಮನಿಸಬೇಕು. ವೇಷವೊಂದೇ ಎಲ್ಲಕ್ಕೂ ಕಾರಣ ಎಂದು ಜಾಣತನ ತೋರುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

ಫಿಲ್ಮಿನ ಪಾಲು, ವೇಷದ ಪಾಲು ಕಳೆದ ಮೇಲೂ ಏನೋ ಒಂದು ಉಳಿಯುತ್ತದೆ, ಮತ್ತು ಅದು ನಿಜವಾದ ಮುಪ್ಪು. ನಿಖರ ಅಂಕಿ ನನ್ನ ಬಳಿಯಿಲ್ಲ, ಆ್ಯಪಿನ ಬಳಿಯೂ ಇಲ್ಲ. ಆದರೆ ಕಾರಣಗಳು ಗುಟ್ಟೇನಲ್ಲ. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಎ ವರ್ಗದವು ಚರ್ಮದ ಒಳಪದರಕ್ಕಿಳಿದು, ಅದನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನು ಎಚ್ಚರಿಸುತ್ತವೆ. ಇದರ ಪರಿಣಾಮವನ್ನು ಒಂದೇ ಮುಖದಲ್ಲಿ ಅಕ್ಕಪಕ್ಕ ತೋರಿಸಿದ ಚಿತ್ರವೊಂದು 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದಿತ್ತು. 28 ವರ್ಷ ಸರಕಿನ ವಾಹನ ಓಡಿಸಿದ 69ರ ಚಾಲಕನೊಬ್ಬನ ಎಡಗೆನ್ನೆ, ಅಂದರೆ ಕಿಟಕಿಯ ಬದಿಯದು, ಬಲಗೆನ್ನೆಗಿಂತ ಬಹಳ ಹೆಚ್ಚು ಜೋತು, ಆಳವಾಗಿ ಸುಕ್ಕುಗಟ್ಟಿತ್ತು. ಕಿಟಕಿಯ ಗಾಜು ಚರ್ಮ ಸುಡುವ ಬಿ ವರ್ಗದ ಕಿರಣಗಳನ್ನು ತಡೆಯುತ್ತದೆ, ಎ ವರ್ಗದವನ್ನು ಒಳಗೆ ಬಿಡುತ್ತದೆ. ಚರ್ಮ ಸುಡದಿದ್ದುದರಿಂದ ಹಾನಿಯಾಗುತ್ತಿರುವುದು ಆತನಿಗೆ ಗೊತ್ತಾಗಿಯೇ ಇರಲಿಕ್ಕಿಲ್ಲ. ಇನ್ನು ಬಿಸಿಲಿನಿಂದ ಚರ್ಮವನ್ನು ಕಾಯುವ ಲೇಪಗಳ (ಸನ್‌ಸ್ಕ್ರೀನ್) ಬಲವನ್ನು ಎಸ್‌ಪಿಎಫ್ ಎಂಬ ಅಂಕಿಯಲ್ಲಿ ಹೇಳುವ ರೂಢಿ ಬಂದದ್ದೇ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆಸ್ಟ್ರೇಲಿಯಾದ ನ್ಯಾಂಬೂರ್ ಎಂಬ ಪಟ್ಟಣದಲ್ಲಿ 55 ದಾಟದ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು, ದಿನವೂ ಲೇಪ ಹಚ್ಚಿದ ಗುಂಪಿನಲ್ಲಿ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆಯಿತ್ತೆಂದು ಕಂಡಿತು. ಹೊರಗೆ ದುಡಿದು, ಯಾವ ಲೇಪವನ್ನೂ ಕಾಣದೆ ನಲವತ್ತು ತಲುಪಿದ ತಲೆಮಾರಿನ ಮುಖ ಹೇಗಿರಬೇಕಿತ್ತೋ ಹಾಗೆಯೇ ಇತ್ತು.

ಹೊಗೆಯ ಪಾಲೂ ದೊಡ್ಡದು. ಅಮೆರಿಕದಲ್ಲಿ 1965ರಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 42 ಜನ ಸಿಗರೇಟು ಸೇದುತ್ತಿದ್ದರು, ಈಗ ಆ ಪ್ರಮಾಣ ಅದರ ಮೂರನೇ ಒಂದಂಶಕ್ಕಿಂತಲೂ ಕೆಳಗಿಳಿದಿದೆ. ಒಬ್ಬರು ಸೇದುವ ಇನ್ನೊಬ್ಬರು ಸೇದದ, ಅಥವಾ ಒಬ್ಬರು ಇನ್ನೊಬ್ಬರಿಗಿಂತ ಕನಿಷ್ಠ ಐದು ವರ್ಷ ಹೆಚ್ಚು ಸೇದಿದ 79 ಅವಳಿ ಜೋಡಿಗಳ ಚಿತ್ರಗಳನ್ನು ಹೋಲಿಸಿದ 2013ರ ಅಧ್ಯಯನದಲ್ಲಿ ಸೇದುವವರ ಕಣ್ಣಿನ ಕೆಳಗಿನ ಚೀಲಗಳೂ ಮೇಲ್ದುಟಿಯ ಸುಕ್ಕುಗಳೂ ಮೂಗಿನಿಂದ ಬಾಯಿಯ ಅಂಚಿಗಿಳಿಯುವ ಗೆರೆಗಳೂ ಹೆಚ್ಚಾಗಿದ್ದವು. ಮೈಯ ತೂಕದ್ದೊಂದು ವಿಚಿತ್ರವಿದೆ. 186 ಜೋಡಿ ಅವಳಿಗಳ ಇನ್ನೊಂದು ಅಧ್ಯಯನದಲ್ಲಿ ನಲವತ್ತರೊಳಗೆ ದಪ್ಪಗಿರುವವರು ಹಿರಿಯರಾಗಿಯೂ, ನಲವತ್ತು ದಾಟಿದ ಮೇಲೆ ದಪ್ಪಗಿರುವವರು ಕಿರಿಯರಾಗಿಯೂ ಕಂಡಿದ್ದರು. ಬಡಕಲು ಕೆನ್ನೆಯ ಹಿಂದಿನವರಿಗೂ ತುಂಬುಗೆನ್ನೆಯ ನಮಗೂ ಇರುವ ಅಂತರದಲ್ಲಿ ಆರೋಗ್ಯದ್ದಲ್ಲದ ಪಾಲೂ ಇದೆಯೆಂದು ನನ್ನ ಕೆನ್ನೆಯನ್ನೇ ನೋಡಿ ಹೇಳಬಲ್ಲೆ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಹಲ್ಲಿನ ಸಂಗತಿ, ಯಾಕೆಂದರೆ ಅದನ್ನು ಅಜ್ಜಿಯ ಚಿತ್ರಗಳಲ್ಲಿ ಕಣ್ಣಾರೆ ಕಂಡೆ. ಅಜ್ಜಿ 44ರಲ್ಲಿದ್ದಾಗಿನ ಚಿತ್ರಕ್ಕೂ 47ರ ಚಿತ್ರಕ್ಕೂ ನಡುವೆ ಆಕೆಯ ಹಲ್ಲುಗಳನ್ನೆಲ್ಲ ತೆಗೆಸಲಾಗಿತ್ತು. ಎರಡೂ ಒಂದೇ ಬಗೆಯ ಕಪ್ಪು ಬಿಳುಪು ಚಿತ್ರ, ಕೂದಲ ಬಾಚಣೆಯೂ ಒಂದೇ, ಆದರೂ ಆ್ಯಪ್ ಮೊದಲನೆಯದಕ್ಕೆ 50 ಎಂದೂ ಎರಡನೆಯದಕ್ಕೆ 66 ಎಂದೂ ಹೇಳಿತು. ಮೂರು ವರ್ಷದಲ್ಲಿ ಹದಿನಾರು. ಹಲ್ಲು ಹೋದರೆ ಅದನ್ನು ಹಿಡಿದಿದ್ದ ದವಡೆಯ ಏಣು ಕೆಲಸವಿಲ್ಲದೆ ಕರಗುತ್ತದೆ, ಮೂಗಿಗೂ ಗಲ್ಲಕ್ಕೂ ನಡುವಿನ ಅಂತರ ಕುಗ್ಗುತ್ತದೆ, ತುಟಿ ಒಳಕ್ಕೆ ಮಡಚುತ್ತದೆ, ಗಲ್ಲ ಮುಂದೆ ಬರುತ್ತದೆ. ಬೊಚ್ಚುಬಾಯಿ ಎಂದ ಕೂಡಲೇ ನಮಗೆ ಮುಪ್ಪು ನೆನಪಾಗುತ್ತದೆಯಾದರೂ ಅದು ಮುಪ್ಪಿನ ಸ್ವತ್ತೇನೂ ಆಗಿರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರಲ್ಲಿ ನಡೆದ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 37ರಷ್ಟು ಜನರಿಗೆ ಬಾಯಲ್ಲಿ ಒಂದೂ ಸ್ವಂತ ಹಲ್ಲಿರಲಿಲ್ಲ, 2009ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇದು ಶೇ. 6ಕ್ಕಿಳಿದಿತ್ತು. ಸಿಡುಬಿನ ಕಲೆಗಳನ್ನೂ ಇಲ್ಲಿಯೇ ನೆನೆಯಬೇಕು. ಆ ರೋಗ ಭೂಮಿಯಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ, ಅದಕ್ಕೆ ಹಿಂದಿನ ಎಷ್ಟೋ ಮುಖಗಳು ಅದರ ಗುಳಿಗಳನ್ನು ಹೊತ್ತೇ ಬದುಕಿದವು.

ಮುಖದ ವಯಸ್ಸು ಬರಿಯ ಮೇಲ್ನೋಟವಲ್ಲ ಎಂಬುದಕ್ಕೂ ಪುರಾವೆಯಿದೆ. ಡೆನ್ಮಾರ್ಕಿನಲ್ಲಿ 70 ದಾಟಿದ 1,826 ಅವಳಿಗಳ ಚಿತ್ರಗಳನ್ನು ಅಪರಿಚಿತರಿಗೆ ತೋರಿಸಿ ವಯಸ್ಸು ಕೇಳಿದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೋಡಿಯ ಪೈಕಿ ಹಿರಿಯರಾಗಿ ಕಂಡವರೇ ಮೊದಲು ತೀರಿಕೊಳ್ಳುವ ಸಂಭವ ಹೆಚ್ಚಿತ್ತು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಒಂದೇ ವರ್ಷದ ಅವಧಿಯಲ್ಲಿ ಹುಟ್ಟಿದ 954 ಜನರನ್ನು 38ನೆಯ ವಯಸ್ಸಿನಲ್ಲಿ, ಅಂದರೆ ಸರಿಯಾಗಿ ನನ್ನ ಅಜ್ಜನ ಆ ವಯಸ್ಸಿನಲ್ಲಿ, ರಕ್ತ ಮತ್ತು ಅಂಗಾಂಗಗಳ ಪರೀಕ್ಷೆಗೊಳಪಡಿಸಿದಾಗ ಅವರ ದೇಹದ ವಯಸ್ಸು 28ರಿಂದ 61ರವರೆಗೆ ಹರಡಿಕೊಂಡಿತ್ತೆಂದು 2015ರಲ್ಲಿ ವರದಿಯಾಯಿತು. ದೇಹದೊಳಗೆ ಹಿರಿಯರಾಗಿದ್ದವರನ್ನು ಚಿತ್ರ ನೋಡಿದ ವಿದ್ಯಾರ್ಥಿಗಳೂ ಹಿರಿಯರೆಂದೇ ಊಹಿಸಿದ್ದರು. ಹಾಗೆ ನೋಡಿದರೆ 38ರ ಅಜ್ಜನ ದೇಹ 53ರದೇ ಆಗಿದ್ದಿರಲೂ ಸಾಧ್ಯ. ಆ್ಯಪಿನ ಮೇಲಿನ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ: ಅದರ ಅಂಕಿ ಸುಳ್ಳು ಎಂದು ನಾನು ಹೇಳಲಾರೆ, ಆದರೆ ಆ ಅಂಕಿಯಲ್ಲಿ ಫಿಲ್ಮಿನ ಕುರುಡೆಷ್ಟು, ಬಾಚಣಿಗೆಯ ಪಾಲೆಷ್ಟು, ಬಿಸಿಲು ಮತ್ತು ಹೊಗೆ ತಿಂದದ್ದೆಷ್ಟು ಎಂದು ಬಿಡಿಸಿ ಹೇಳುವ ಯಾವ ದಾರಿಯೂ ಅದರಲ್ಲಿಲ್ಲ.

ದುರಸ್ತಿಯ ವಿಭಾಗವಂತೂ ಈ ಗೊಂದಲವನ್ನು ಇನ್ನಷ್ಟು ಹದಗೆಡಿಸುತ್ತದೆ. ಬಿರುಕು, ಮಡಿಕೆ, ನೀರಿನ ಕಲೆಗಳನ್ನು ಅಳಿಸುವ ಕೆಲಸ ಮೆಚ್ಚುವಂತಿದೆ. ‘ಮುಖ ಸ್ಪಷ್ಟಗೊಳಿಸು’ ಎಂಬ ಗುಂಡಿ ಒತ್ತಿದ ಕ್ಷಣ ಮಾತ್ರ ನಡೆಯುವುದು ಸ್ಪಷ್ಟಗೊಳಿಸುವಿಕೆಯಲ್ಲ, ಕಲ್ಪನೆ. ಮಸುಕಾದ ಕಡೆಯಲ್ಲಿ ಏನಿದ್ದಿರಬಹುದೆಂದು ಯಂತ್ರ ತಾನು ಕಲಿತ ಇಂದಿನ ಮುಖಗಳಿಂದ ಎತ್ತಿ ತುಂಬುತ್ತದೆ. ಅಜ್ಜನ ಹಣೆಯ ಮೂರು ಗೆರೆಗಳಲ್ಲಿ ಎರಡು ಮಾಯವಾದವು, ಕೆನ್ನೆಯ ಗುಳಿ ತುಂಬಿತು, ಒಂದು ಕಣ್ಣಿನ ಮೇಲೆ ಚಿಕ್ಕಂದಿನಿಂದ ಇದ್ದ ಗಾಯದ ಗುರುತು ಅಳಿಸಿಹೋಯಿತು. ಹೀಗೆ ತಾನೇ ತಿದ್ದಿದ ಚಿತ್ರವನ್ನು ತಾನೇ ಅಳೆದು ಆ್ಯಪು ‘41’ ಎಂದು ಹೇಳಿದಾಗ, ನಿಜವಾದ 38ಕ್ಕೆ ಹತ್ತಿರ ಬಂದಿತೆಂದು ಹಿಗ್ಗಬೇಕೋ, ಅಜ್ಜನೇ ಅಲ್ಲದ ಯಾರನ್ನೋ ನೋಡುತ್ತಿದ್ದೇನೆಂದು ಬೇಸರಪಡಬೇಕೋ ತಿಳಿಯಲಿಲ್ಲ. ಬಣ್ಣ ತುಂಬುವಿಕೆಯಲ್ಲೂ ಇದೇ ಕತೆ. ಕೆಂಪು ಕಾಣದ ಫಿಲ್ಮಿನಲ್ಲಿ ಕಪ್ಪಾದ ತುಟಿಯನ್ನು ಅದು ಕಪ್ಪು ತುಟಿಯೆಂದೇ ನಂಬಿ ಕಂದು ಬಣ್ಣ ಬಳಿಯಿತು.

ಸಹಾಯ ವಿಭಾಗಕ್ಕೆ ಎರಡು ಪ್ರಶ್ನೆ ಬರೆದಿದ್ದೆ. ಹಳೆಯ ಫಿಲ್ಮಿನ ಚಿತ್ರಗಳಿಗೆ ಅಂಕಿಯನ್ನು ಸರಿದೂಗಿಸುವ ಏರ್ಪಾಡು ಇದೆಯೇ, ನಾನು ಕೊಟ್ಟ ಮುಖಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು. ಮೊದಲನೆಯದಕ್ಕೆ, ಚಿತ್ರದ ಗುಣಮಟ್ಟ ಉತ್ತಮವಾಗಿರಲಿ ಎಂಬ ಸಿದ್ಧ ಉತ್ತರ ಎರಡು ದಿನದಲ್ಲಿ ಬಂತು. ಎರಡನೆಯದಕ್ಕೆ ನಿಬಂಧನೆಗಳ ಪುಟದ ಕೊಂಡಿ ಕಳಿಸಿದರು, ಅದರಲ್ಲಿ ‘ಅಗತ್ಯವಿರುವವರೆಗೆ’ ಎಂದಿದೆ. ಯಾರ ಅಗತ್ಯ ಎಂದಿಲ್ಲ. ತೀರಿಹೋದವರ ಒಪ್ಪಿಗೆ ಕೇಳಲಾಗದು, ಬದುಕಿರುವವರ ಮಟ್ಟಿಗಾದರೂ ಕೇಳಿಯೇ ಅವರ ಚಿತ್ರ ಹಾಕಬೇಕು ಎಂಬುದು ನಾನು ಪಾಲಿಸಿದ ನಿಯಮ. ಮುಖ ನೋಡಿ ವಯಸ್ಸು, ಭಾವನೆಗಳನ್ನು ಊಹಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ತನ್ನ ಸೇವೆಯಿಂದ ಹಿಂತೆಗೆಯುವುದಾಗಿ 2022ರಲ್ಲಿ ಹೇಳಿತ್ತೆಂಬುದನ್ನು ಇಂಥ ಆ್ಯಪ್ ಬಳಸುವವರು ನೆನಪಿಡುವುದು ಒಳ್ಳೆಯದು.

ಐದು ನಕ್ಷತ್ರಗಳಲ್ಲಿ ನಾನು ಇದಕ್ಕೆ ಎರಡೂವರೆ ಕೊಡುತ್ತೇನೆ, ಅದರಲ್ಲಿ ಎರಡು ಸ್ಕ್ಯಾನಿಂಗಿಗೇ ಸಲ್ಲುತ್ತವೆ. ಒಂದೇ ಕಾಲದ, ಒಂದೇ ಬಗೆಯ ಚಿತ್ರಗಳನ್ನು ತಮ್ಮತಮ್ಮಲ್ಲೇ ಹೋಲಿಸಲು, ಅಜ್ಜಿಯ 44 ಮತ್ತು 47ರ ಚಿತ್ರಗಳಂತೆ, ವಯಸ್ಸಿನ ಅಂಕಿ ಪ್ರಯೋಜನಕ್ಕೆ ಬರುತ್ತದೆ. ತಾತನನ್ನೂ ಮೊಮ್ಮಗನನ್ನೂ ಪಕ್ಕದಲ್ಲಿಟ್ಟು ಯಾರು ಬೇಗ ಮುದುಕರಾದರೆಂದು ತೀರ್ಮಾನಿಸಲು ಬರುವುದಿಲ್ಲ. ಕೊಳ್ಳುವುದಾದರೆ ಒಂದು ತಿಂಗಳ ಚಂದಾ ಸಾಕು, ಆಲ್ಬಮ್ಮನ್ನು ಸ್ಕ್ಯಾನ್ ಮಾಡಿ ಮುಗಿಸಲು ಅಷ್ಟು ಕಾಲವೇ ಬೇಕಾಗುತ್ತದೆ. ‘ಮುಖ ಸ್ಪಷ್ಟಗೊಳಿಸು’ ಎಂಬುದನ್ನು ಮೊದಲೇ ಸೆಟ್ಟಿಂಗ್ಸಿನಲ್ಲಿ ಬಂದ್ ಮಾಡಿಡಿ, ಇಲ್ಲವಾದರೆ ಅದು ಕೇಳದೆಯೇ ಹೊಸ ಮುಖವನ್ನು ಮೂಲದ ಜಾಗದಲ್ಲಿ ಉಳಿಸುತ್ತದೆ. ನನ್ನ ನಾಲ್ಕು ಚಿತ್ರಗಳನ್ನು ಹಾಗಾಗಿ ಎರಡನೆಯ ಸಲ ಸ್ಕ್ಯಾನ್ ಮಾಡಬೇಕಾಯಿತು. ನಾನು ಈ ತಿಂಗಳಿಂದ ಚಂದಾ ನಿಲ್ಲಿಸಿದ್ದೇನೆ. ಈಗ ಪ್ರತಿ ಚಿತ್ರದ ಹಿಂಬದಿಯಲ್ಲಿ, ಶಾಯಿ ಮುಂಭಾಗಕ್ಕೆ ಇಳಿಯಬಹುದೆಂದು ಮೆತ್ತನೆಯ ಪೆನ್ಸಿಲಿನಿಂದ, ಹುಟ್ಟಿದ ವರ್ಷ, ತೆಗೆಸಿದ ವರ್ಷ, ಆಗ ಬಾಯಲ್ಲಿ ಹಲ್ಲಿದ್ದವೇ ಎಂಬುದನ್ನು ಬರೆದಿಡುತ್ತಿದ್ದೇನೆ.